ರೇನ್ ಡ್ಯಾನ್ಸಿನಲ್ಲಿ ಬಿದ್ದ ಮಳೆ

ಬೆಳಗೋಡಿನ ಯೋಗಾನಂದ ತೀರಿಕೊಂಡ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಮನೆಯ ಜಗಲಿಯಲ್ಲಿ, ಬೆತ್ತದ ಕುರ್ಚಿಯ ಮೇಲೆ ಫೋನ್ ಹಿಡಿದು ಕೂತಿದ್ದಾಗ ಹೃದಯ ನಿಂತಿತು. ಅವನ ಹೆಂಡತಿ ಪುಷ್ಪಾ ಕಾಫಿ ತರುವಷ್ಟರಲ್ಲಿ ಅವನು ಇರಲಿಲ್ಲ. ವಿಷಯ ಇಷ್ಟೇ.

ನಾನು ಸಕಲೇಶಪುರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಸತ್ತವರ ಬಗ್ಗೆ ಮಾತಾಡಿಯೇ ಸಂಬಳ ತೆಗೆದುಕೊಂಡವನು. ಆದರೆ ಅವರೆಲ್ಲ ರಾಜರು, ಸಾಮಂತರು, ದಂಡನಾಯಕರು. ಅವರಲ್ಲಿ ಒಬ್ಬನೂ ನನ್ನ ಕಾರಿನ ಡಿಕ್ಕಿಯಲ್ಲಿ ಸಾಮಾನು ಮರೆತು ಹೋದವನಲ್ಲ. ಹಾಗಾಗಿ ತಿಥಿಯ ದಿನ "ಮೇಷ್ಟ್ರೇ, ನೀವು ಎರಡು ಮಾತಾಡಿ" ಎಂದಾಗ ಎದ್ದು ನಿಂತು, "ಯೋಗಾನಂದರು ಸಜ್ಜನರು, ಮಿತಭಾಷಿಗಳು, ಸತ್ಯಸಂಧರು" ಅಂದೆ. ಪುಷ್ಪಾ ಕೂತಲ್ಲಿಂದಲೇ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿ, "ನಟಣ್ಣ, ಅವ್ರ ಬಗ್ಗೆ ಸುಳ್ಳು ಹೇಳಬ್ಯಾಡಿ. ಆ ರೆಸಾರ್ಟ್ ಕತೆ ಹೇಳಿ" ಅಂದರು. ಅಷ್ಟು ಜನರ ಮುಂದೆ ನನ್ನಿಂದ ಆಗಲಿಲ್ಲ, ಕೂತುಬಿಟ್ಟೆ. ಇಲ್ಲಿ ಹೇಳುತ್ತೇನೆ.

ಪಾಳ್ಯ ದಾಟಿದ ಮೇಲೆ, ಗುಡ್ಡದ ಮಗ್ಗುಲಲ್ಲಿ 'ಐರಾವತ ವಾಟರ್ ಪಾರ್ಕ್ ಮತ್ತು ರೆಸಾರ್ಟ್' ಎಂದು ಒಂದಿದೆ. ಗೇಟಿನಲ್ಲಿ ಬಿಳಿ ಸಿಮೆಂಟಿನ ಆನೆ. ಒಳಗೆ ಬೆಳಿಗ್ಗೆ ಸ್ವಿಚ್ಚು ಒತ್ತಿದರೆ ಧುಮುಕಿ, ಊಟದ ಹೊತ್ತಿಗೆ ವಿರಾಮ ತೆಗೆದುಕೊಳ್ಳುವ ಜಲಪಾತ. ಬೇಲಿ ಹಾಕಿದ ಹತ್ತಿಪ್ಪತ್ತು ಕಾಫಿ ಗಿಡಗಳು, ಅವಕ್ಕೊಂದು ಬೋರ್ಡು: 'ಕಾಫಿ ಎಸ್ಟೇಟ್ ಪ್ರವಾಸ'. ಮತ್ತು ರೇನ್ ಡ್ಯಾನ್ಸ್. ಅಂದರೆ, ಮೇಲಿನ ಪೈಪಿನಿಂದ ಮಳೆ ಸುರಿಸುತ್ತಾರೆ, ಕೆಳಗೆ ಜನ ಕುಣಿಯುತ್ತಾರೆ.

ಕಾಫಿ ಕುಯ್ದು ಒಣಗಿಸಿ ಮುಗಿಸಿದ ಮೇಲೆ, ಹೂವಿನ ಮಳೆಗೆ ಮೊದಲು, ನಮ್ಮ ಕಡೆ ಒಂದಿಷ್ಟು ಬಿಡುವು ಸಿಗುತ್ತದೆ. ಆಗ ಉಳಿದವರು ಧರ್ಮಸ್ಥಳಕ್ಕೋ ತಿರುಪತಿಗೋ ಹೋಗುತ್ತಾರೆ. ನಾವು ನಾಲ್ವರು, ಅಂದರೆ ಯೋಗಾನಂದ, ಪುಷ್ಪಾ, ನನ್ನ ಹೆಂಡತಿ ವಾಣಿ ಮತ್ತು ನಾನು, ವರ್ಷವೂ ಐರಾವತಕ್ಕೆ ಹೋಗುತ್ತಿದ್ದೆವು. ವಾಣಿಯ ದೃಷ್ಟಿಯಲ್ಲಿ ಇದು ನನ್ನ ಜೀವಮಾನದ ಅಪರಾಧಗಳಲ್ಲಿ ಎರಡನೆಯದು. (ಮೊದಲನೆಯದು ಯಾವುದೆಂದು ಅವಳೂ ಹೇಳಿಲ್ಲ, ನಾನೂ ಕೇಳಿಲ್ಲ.)

"ಜನ ಬೆಂಗಳೂರಿಂದ ನಮ್ಮೂರಿಗೆ ಬಂದು ಮಳೆ, ಫಾಲ್ಸು, ಆನೆ, ಕಾಫಿ ತೋಟ ನೋಡ್ಕೊಂಡು ಹೋಗ್ತಾರೆ" ಎಂದು ಈ ಸಲವೂ ಬಟ್ಟೆ ತುಂಬುತ್ತಾ ಶುರು ಮಾಡಿದಳು. "ನಾವು ಮನೆ ಬಾಗಿಲಲ್ಲಿರೋ ಅವನ್ನೆಲ್ಲ ಬಿಟ್ಟು ಸಿಮೆಂಟಿನ ಆನೆ, ಸಿಮೆಂಟಿನ ಫಾಲ್ಸು, ಸಿಮೆಂಟಿನ ಮಳೆ ನೋಡಕ್ಕೆ ಹೋಗ್ತೀವಿ."

"ಮಳೆ ಸಿಮೆಂಟಿಂದಲ್ಲ, ಪೈಪಿಂದು."

"ಹ್ಞೂಂ, ತಿದ್ದೋದೊಂದು ಬಾಕಿ ಇತ್ತು. ಮೇಷ್ಟ್ರಿಗೆ ಪೆನ್ಷನ್ ಕೊಡೋದು ಇದಕ್ಕೇ."

ಯೋಗಾನಂದನಿಗೆ ಈ ವಿಷಯದಲ್ಲಿ ಗಟ್ಟಿಯಾದ ಒಂದು ತತ್ವವಿತ್ತು. ಗೇಟಿನ ಮುಂದೆ ಕಾರಿನಿಂದ ಇಳಿದವನೇ ಅದನ್ನು ವಾಣಿಗೆ ಬೋಧಿಸಿದ.

"ನೋಡಿ ವಾಣಕ್ಕ, ನಮ್ಮ ಆನೆ ಗದ್ದೆಗಿಳೀತದೆ, ಬಾಳೆ ಮುರೀತದೆ, ಬೇಲಿ ಕೀಳ್ತದೆ. ಈ ಆನೆ ನೋಡಿ. ಹೋದ್ವರ್ಷ ಎಲ್ಲಿ ಬಿಟ್ಟು ಹೋಗಿದ್ವೋ ಅಲ್ಲೇ ನಿಂತೈತೆ. ನಮ್ಮ ಮಳೆ ಬಾ ಅಂದ್ರೆ ಬರಲ್ಲ, ಬ್ಯಾಡ ಅಂದ್ರೆ ಹೋಗಲ್ಲ. ಇಲ್ಲಿ ಹನ್ನೊಂದು ಗಂಟೆಗೆ ಮಳೆ ಅಂದ್ರೆ ಹನ್ನೊಂದು ಗಂಟೆಗೇ ಮಳೆ. ತೋಟದೋನು ಕಣ್ತುಂಬ ನೋಡ್ಬೇಕಾದ್ದು ಇದನ್ನ ಕಣಕ್ಕ."

ಹಾಗೆಂದು ಆನೆಯ ಕಾಲು ತಟ್ಟಿ, "ಏನ್ ಮಾರಾಯ, ಚೆನ್ನಾಗಿದ್ದೀಯಾ? ಯಾರ್ ಗದ್ದೆಗೂ ಹೋಗ್ಲಿಲ್ಲ ತಾನೇ?" ಎಂದು ಕ್ಷೇಮ ವಿಚಾರಿಸಿದ. ಒಳಗೆ ಹೋಗಿ, ವರ್ಷದ ವಾಡಿಕೆಯಂತೆ 'ಎಸ್ಟೇಟ್ ಪ್ರವಾಸ'ಕ್ಕೆ ಟಿಕೆಟ್ ತೆಗೆದುಕೊಂಡು, ಗೈಡ್ ಅತ್ತ ತಿರುಗಿದಾಗ ಆ ಗಿಡಗಳ ಬೇಡದ ಚಿಗುರನ್ನೆಲ್ಲ ಚಿವುಟಿ ಜೇಬಿಗೆ ಹಾಕಿಕೊಂಡ. ಸ್ವಂತ ತೋಟದಲ್ಲಿ ಆ ಕೆಲಸಕ್ಕೆ ಆಳು ಸಿಗುತ್ತಿಲ್ಲ ಎಂದು ಅವನು ದಾರಿಯುದ್ದಕ್ಕೂ ಗೊಣಗಿಕೊಂಡು ಬಂದಿದ್ದ.

ಇಲ್ಲಿ ಕಾಫಿ ಬೆಳೆಗಾರರ ಸಹವಾಸವಿಲ್ಲದ ಓದುಗರಿಗೆ ಒಂದು ಮಾತು ಹೇಳಬೇಕು. ಮಾರ್ಚಿನಲ್ಲಿ ಗಿಡದ ಮೊಗ್ಗು ಅರಳಲು ಒಂದು ಒಳ್ಳೆಯ ಮಳೆ ಬೇಕು, ಅದೇ ಹೂವಿನ ಮಳೆ. ನೀರಿದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ. ಮಳೆಯನ್ನು ನಾವು ಇಂಚು, ಸೆಂಟುಗಳಲ್ಲಿ ಅಳೆಯುತ್ತೇವೆ. ನೂರು ಸೆಂಟಿಗೆ ಒಂದು ಇಂಚು. ಪ್ರತಿ ಮನೆಯಂಗಳದಲ್ಲೂ ಒಂದು ರೇನ್‌ಗೇಜ್ ಇರುತ್ತದೆ: ಮೇಲೊಂದು ಆಲಿಕೆ, ಒಳಗೊಂದು ಗೆರೆ ಎಳೆದ ಗಾಜಿನ ಜಾಡಿ. ಮಳೆ ನಿಂತ ಮೇಲೆ ಬೆಳೆಗಾರ ಮಾಡುವ ಮೊದಲ ಕೆಲಸ ಅದನ್ನು ನೋಡುವುದು. ಎರಡನೆಯದು, ಸ್ನೇಹಿತನಿಗೆ ಫೋನ್ ಮಾಡಿ "ನಿಮ್ಮಲ್ಲಿ ಎಷ್ಟು ಬಿತ್ತು?" ಎಂದು ಕೇಳುವುದು.

ಆನೇಮಹಲಿನ ನನ್ನ ಚೂರು ತೋಟದಲ್ಲಿ ನಲವತ್ತು ಬಿದ್ದರೆ ಯೋಗಾನಂದನಲ್ಲಿ ನಲವತ್ತೈದು. ನನ್ನಲ್ಲಿ ತೊಂಬತ್ತಾದರೆ ಅವನಲ್ಲಿ ತೊಂಬತ್ತೈದು. ನಮ್ಮ ಮೇಲೆ ಹಾದುಹೋಗುವ ಮೋಡಗಳು ಬೆಳಗೋಡಿಗೆಂದೇ ಐದು ಸೆಂಟು ಎತ್ತಿಟ್ಟುಕೊಂಡು ಹೋಗುತ್ತವೆ ಎಂದು ನಾನು ಬಹುಕಾಲ ನಂಬಿದ್ದೆ.

ಈಚೆಗೆ ಇದೆಲ್ಲ ವಾಟ್ಸಾಪಿಗೆ ಬಂದಿದೆ. ನಮ್ಮ ಗುಂಪಿನ ಹೆಸರು 'ಮಳೆ ಬಳಗ'. ಅದರಲ್ಲಿ ಯೋಗಾನಂದನ ಅಂಕಿಗೆ ರಾಜಮುದ್ರೆಯ ಬೆಲೆ. ಗೇಜು ಅವನ ಅಪ್ಪನ ಕಾಲದ್ದು, ಹಿತ್ತಾಳೆಯದು. ಹಾಸನದಲ್ಲೋ ಬೆಂಗಳೂರಿನಲ್ಲೋ ಕೂತ ತೋಟದ ಮಾಲೀಕರು ಅವನ ಅಂಕಿ ನೋಡಿಯೇ ತೋಟ ನೋಡಿಕೊಳ್ಳುವ ತಮ್ಮ ರೈಟರಿಗೆ ಫೋನ್ ಮಾಡಿ, ಮೋಟರ್ ಹಾಕು, ಆರಿಸು ಎನ್ನುತ್ತಿದ್ದರು. ಅವನಿಗೆ ಬೇರೆ ಹೆಮ್ಮೆಗಳಿರಲಿಲ್ಲ. ಇದೊಂದಿತ್ತು.

(ನನ್ನ ಗೇಜಿನ ವಿಷಯ: ಶಿವರಾತ್ರಿ ಹೊತ್ತಿಗೆ ನಮ್ಮ ತೋಟಕ್ಕೆ ಬಂದ ಆನೆ, ಸಿಮೆಂಟಿನದಲ್ಲ, ಅದನ್ನು ತುಳಿದು ತಟ್ಟೆ ಮಾಡಿಟ್ಟು ಹೋಗಿತ್ತು. ಗೇಜಿಲ್ಲದವನ ಮಾತಿಗೆ ಬಳಗದಲ್ಲಿ ಕಿಮ್ಮತ್ತಿಲ್ಲ. ಆದ್ದರಿಂದ ಯೋಗಾನಂದನಿಗೂ ಹೇಳಿರಲಿಲ್ಲ. ವಾಣಿಯೊಬ್ಬಳಿಗೆ ಗೊತ್ತಿತ್ತು. ಯಾರಿಗೂ ಹೇಳಕೂಡದೆಂದು ಅವಳಿಗೆ ಖಡಾಖಂಡಿತವಾಗಿ ಹೇಳಿದ್ದೆ.)

ಹೋದ ವರ್ಷ ರೇನ್ ಡ್ಯಾನ್ಸ್ ನೋಡುತ್ತಾ ನಮ್ಮಿಬ್ಬರಿಗೂ ವಾದ ಹತ್ತಿತ್ತು. ಇದು ಬರೀ ತುಂತುರು, ಇಪ್ಪತ್ತು ಸೆಂಟೂ ಇಲ್ಲ ಎಂದು ನಾನು. ಒಂದು ಇಂಚಿಗೆ ಮೋಸವಿಲ್ಲ ಎಂದು ಅವನು. ವರ್ಷವಿಡೀ ಅದು ಅವನ ಮನಸ್ಸಿನಲ್ಲಿ ಕೊರೆದಿರಬೇಕು. ಈ ಸಲ ಬ್ಯಾಗಿನಿಂದ ಟವೆಲ್ ತೆಗೆಯುತ್ತಾನೆ ಅಂದುಕೊಂಡರೆ ಹಿತ್ತಾಳೆ ಗೇಜು ತೆಗೆದ.

"ಅಯ್ಯೋ ಶಿವನೇ!" ಅಂದರು ಪುಷ್ಪಾ. "ಇದನ್ಯಾಕ್ರೀ ಹೊತ್ಕೊಂಡು ಬಂದ್ರಿ? ಇವತ್ತು ಊರಲ್ಲಿ ಮಳೆ ಬಂದ್ರೆ?"

"ನಾನಿಲ್ದೆ ಇದ್ದಾಗ ನಮ್ಮ ತೋಟಕ್ಕೆ ಮಳೆ ಬರಲ್ಲ."

"ಹೌದೌದು, ಇಂದ್ರ ನಿಮ್ಮನ್ನ ಕೇಳೇ ಬಿಡೋದು."

ನೀರಿಗಿಳಿಯಲು ಅಲ್ಲಿ ನೈಲಾನ್ ಬಟ್ಟೆ ಕಡ್ಡಾಯ. ಪಂಚೆ ನಡೆಯುವುದಿಲ್ಲ. ಅವನ ಅಳತೆಗೆ ಸಿಕ್ಕಿದ್ದು ಒಂದೇ ಬಾಡಿಗೆ ಚಡ್ಡಿ. ಅದರ ಹಿಂಭಾಗದಲ್ಲಿ ಬಾಯ್ತೆರೆದ ಶಾರ್ಕ್ ಮೀನು. ಅದನ್ನು ಧರಿಸಿ, ಎರಡೂ ಕೈಯಲ್ಲಿ ಗೇಜನ್ನು ಕಲಶದಂತೆ ಎತ್ತಿ ಹಿಡಿದು, ಗಂಭೀರವಾಗಿ ರೇನ್ ಡ್ಯಾನ್ಸಿನ ನಡುಮಧ್ಯಕ್ಕೆ ನಡೆದ. ಸ್ಪೀಕರ್ ಅಬ್ಬರಿಸಿತು, ಮಳೆ ಶುರುವಾಯಿತು, ಕಾಲೇಜು ಹುಡುಗರು ಕುಣಿಯತೊಡಗಿದರು. ಯಾರಾದರೂ ಗೇಜನ್ನು ಒದ್ದಾರೆಂದು ಯೋಗಾನಂದ ಅದರ ಸುತ್ತ ಎರಡೂ ಕೈ ಚಾಚಿ, ಬಗ್ಗಿಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಸುತ್ತತೊಡಗಿದ. ಇದೊಂದು ಹೊಸ ಕುಣಿತ ಎಂದುಕೊಂಡ ಹುಡುಗರು ತಾವೂ ಕೈ ಚಾಚಿ, ಬಗ್ಗಿ, ಅಡ್ಡಡ್ಡ ಹೆಜ್ಜೆ ಹಾಕಿದರು. ಮೈಕಿನವನು "ಶಾರ್ಕ್ ಅಂಕಲ್‌ಗೆ ಜೋರಾದ ಚಪ್ಪಾಳೆ!" ಎಂದು ಕೂಗಿದ. ವಾಣಿ ತಲೆಯ ಮೇಲೆ ಟವೆಲ್ ಎಳೆದುಕೊಂಡು, "ಇವ್ರು ಯಾರು ಅಂತ ಯಾರಾದ್ರೂ ಕೇಳಿದ್ರೆ ನಂಗೊತ್ತಿಲ್ಲ ಅನ್ನಿ" ಎಂದಳು.

ಮಳೆ ನಿಂತಿತು. ಯೋಗಾನಂದ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

"ಒಂದಿಂಚು ಇಪ್ಪತ್ತು ಸೆಂಟು! ಸೋತ್ಯಲ್ಲೋ ನಟ!"

ಆಮೇಲೆ ಫೋನ್ ತರಿಸಿ ಜಾಡಿಯ ಫೋಟೋ ತೆಗೆದ. ಅಲ್ಲಿಗೆ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಮಳೆ ಅಳೆದ ಮೇಲೆ ಅವನ ಹೆಬ್ಬೆರಳು ತಾನಾಗಿಯೇ ಮಳೆ ಬಳಗಕ್ಕೆ ಹೋಗುತ್ತದೆ. ಫೋಟೋದ ಕೆಳಗೆ ಅವನು ಬರೆದದ್ದು ಇಷ್ಟು: '೧ ಇಂಚು ೨೦ ಸೆಂಟ್. ಭರ್ಜರಿ.' ನಂತರ ಫೋನನ್ನು ಲಾಕರಿಗೆ ಹಾಕಿ, ಅಲೆ ಏಳುವ ಕೊಳಕ್ಕೆ ಇಳಿದ. ಆಮೇಲೆ, ಹೊರಗಿನ ತಿಂಡಿ ತರಬಾರದೆಂಬ ಬೋರ್ಡಿಗೆ ಬೆನ್ನು ಹಾಕಿ ಕೂತು, ಪುಷ್ಪಾ ಟವೆಲ್ಲಿನೊಳಗೆ ಬಚ್ಚಿಟ್ಟು ತಂದಿದ್ದ ಕಡುಬು, ಚಟ್ನಿ ತಿಂದೆವು. ಬಹಳ ಸುಖವಾದ ಮಧ್ಯಾಹ್ನ. "ಮುಂದಿನ್ವರ್ಷ ಎರಡು ದಿನ ಇರಾನ ಕಣೋ" ಎಂದ.

ಲಾಕರ್ ತೆಗೆದಾಗ ಫೋನು ಒದ್ದಾಡುತ್ತಿತ್ತು. ಅವನ ತೋಟದ ರೈಟರ್ ಕರಿಯಪ್ಪನ ಕರೆ. ಯೋಗಾನಂದನ ಕಿವಿ ತುಂಬ ನೀರಿದ್ದುದರಿಂದ ಸ್ಪೀಕರ್ ಹಾಕಿದ.

"ಸಾವ್ಕಾರ್ರೇ, ಸ್ಪ್ರಿಂಕ್ಲರ್ ನಿಲ್ಲಿಸ್ಬುಟ್ಟೆ."

"ಯಾಕೋ? ಅರ್ಧ ತೋಟ ಬಾಕಿ ಐತಲ್ಲೋ!"

"ಮಳೆ ಬಂತಲ್ಲ ಸಾವ್ಕಾರ್ರೇ."

"ಎಲ್ಲಿ ಬಂತೋ?"

"ನಮ್ಮ ತೋಟದಾಗೆ. ನೀವೇ ಹಾಕಿದ್ರಲ್ಲ, ಒಂದಿಂಚು ಇಪ್ಪತ್ತು ಅಂತ."

"ಅಲ್ಲಿ ಒಂದು ಹನಿನಾದ್ರೂ ಬಿದ್ದೈತೇನೋ?"

"ಎಲ್ಲಿ? ಬಿಸ್ಲು ಸುಡ್ತಾ ಐತೆ."

"ಮತ್ಯಾಕೋ ನಿಲ್ಸಿದೆ?"

"ನೀವು ಬಂತು ಅಂದ್ಮೇಲೆ ಬಂದಿರ್ಲೇಬೇಕಲ್ಲ. ನಾನ್ಯಾವನು ಇಲ್ಲ ಅನ್ನಕೆ? ಪೈಪೆಲ್ಲ ಪಕ್ಕದ ದಾಸಯ್ಯನೋರು ಬಿಚ್ಕಂಡು ಹೋದ್ರು. ಯೋಗಾನಂದಣ್ಣಂಗೆ ಮಳೆ ಆತು, ಇನ್ನು ನಮ್ಮ ಸರದಿ ಅಂದ್ರು."

ಪೈಪುಗಳು ಇಬ್ಬರಿಗೂ ಸೇರಿದವು. ಒಮ್ಮೆ ದಾಸಯ್ಯನ ಕಡೆ ಹೋದರೆ ಅವನ ತೋಟವೆಲ್ಲ ಮುಗಿಯುವ ತನಕ ವಾಪಸು ಬರುವುದಿಲ್ಲ. ಯೋಗಾನಂದ ಪೆಚ್ಚಾಗಿ ಬಳಗವನ್ನು ತೆರೆದ. ನಾವು ಮೂವರೂ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆವು.

ಅಲ್ಲಿ ನಡೆದಿದ್ದ ಪವಾಡವನ್ನು ಏನೆಂದು ವರ್ಣಿಸಲಿ! ಯೋಗಾನಂದನ ಒಂದಿಂಚು ಇಪ್ಪತ್ತನ್ನು ಕಂಡು, ತಮಗೆ ಮಾತ್ರ ಬೀಳಲಿಲ್ಲವೆಂದು ಹೇಳಲು ನಾಚಿಕೆಯಾಗಿ, ಒಬ್ಬ 'ನಮ್ಮಲ್ಲಿ ೪೦' ಎಂದಿದ್ದ. ಇನ್ನೊಬ್ಬ 'ನಮ್ಮಲ್ಲಿ ೬೫, ಗುಡುಗು ಸಹಿತ'. ಮೂರನೆಯವನು 'ಈಗ ಶುರು'. ಸುಡುಬಿಸಿಲಿನಲ್ಲಿ ಇಡೀ ಹೋಬಳಿ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿತ್ತು. ಕಣದಲ್ಲಿ ಒಣಗಲು ಹರಡಿದ್ದ ಮೆಣಸನ್ನು ಜನ ಬಾಚಿ ಬಾಚಿ ಒಳಗೆ ಹಾಕಿದ್ದರು. ಹಾಸನದ ಒಬ್ಬ ಮಾಲೀಕರು ತಮ್ಮ ಮೂರೂ ಮೋಟರ್ ಆರಿಸಿ, ಗಣಪತಿಗೆ ಕಾಯಿ ಒಡೆಸಿದ್ದರು.

"ಎಲ್ಲಿ ಬಿದ್ದಿದ್ದು ಅಂತ ಒಂದು ಮಾತು ಸೇರ್ಸಕ್ಕೆ ಏನಾಗಿತ್ರೀ ನಿಮ್ಗೆ?" ಎಂದರು ಪುಷ್ಪಾ.

"ಇಷ್ಟು ವರ್ಷ ಯಾವತ್ತು ಸೇರ್ಸಿದ್ದೀನಿ?"

"ಇಷ್ಟು ವರ್ಷ ಯಾವತ್ತು ಚಡ್ಡಿ ಹಾಕ್ಕೊಂಡು ಮಳೆ ಅಳೆದಿದ್ರಿ?"

ಯೋಗಾನಂದ ಬರೆದ: 'ಕ್ಷಮಿಸಿ. ಇದು ರೇನ್ ಡ್ಯಾನ್ಸಿನ ಮಳೆ.' ಆಮೇಲೆ ನೋಡನೋಡುತ್ತಿದ್ದಂತೆ ನಲವತ್ತು ಅಳಿಸಿಹೋಯಿತು, ಗುಡುಗು ಸಹಿತ ಅರವತ್ತೈದು ಅಳಿಸಿಹೋಯಿತು, ಈಗ ಶುರುವಾದದ್ದು ಈಗಲೇ ನಿಂತಿತು. ಉಳಿದದ್ದು ಯೋಗಾನಂದನ ಜಾಡಿಯ ಫೋಟೋ ಒಂದೇ. ತಾವೂ ನೆನೆದಿದ್ದೆವೆಂಬುದನ್ನು ಮರೆತು ಎಲ್ಲರೂ ಅವನ ಮೇಲೆ ಬಿದ್ದರು. ದಾಸಯ್ಯ ಬರೆದ: 'ಯೋಗಾನಂದಣ್ಣ, ಸಂಜೆ ಸ್ನಾನ ಮಾಡಿದ್ರೆ ಎಷ್ಟು ಸೆಂಟು ಅಂತ ಹಾಕಿ. ಮೋಟ್ರು ಆರಿಸ್ತೀವಿ.' ಅದರ ಕೆಳಗೆ ನಗುವ ಮುಖಗಳ ಸಾಲು ಬೆರಳಿಗೆ ಸಿಗದಷ್ಟು ಉದ್ದ ಬೆಳೆಯಿತು.

ವಾಪಸು ಬರುವಾಗ ಅವನು ಸಿಮೆಂಟಿನ ಆನೆಯನ್ನು ಮಾತಾಡಿಸಲಿಲ್ಲ. ಆಲೂರಿನ ರಸ್ತೆ ಸೇರಿದ ಮೇಲೆ ನನ್ನ ಕಡೆ ತಿರುಗಿದ.

"ಅಪ್ಪನ ಕಾಲದಿಂದ ನಮ್ಮನೆ ಗೇಜಿನ ಮಾತು ಅಂದ್ರೆ ಮಾತು ಕಣೋ" ಎಂದ. "ಇವತ್ತು ಹೋಗ್ಬುಡ್ತು. ಇನ್ನು ನಿಜವಾದ ಮಳೆ ಬಂದ್ರೂ ನನ್ನ ಯಾರು ನಂಬ್ತಾರೆ?"

ಸಮಾಧಾನ ಮಾಡಲು ನನಗೆ ತಿಳಿದಿರುವುದು ಇತಿಹಾಸ ಒಂದೇ. "ಇದಕ್ಕೆಲ್ಲ ಯಾಕೋ ಬೇಜಾರು? ಸೋತ ಯುದ್ಧ ಗೆದ್ದೆ ಅಂತ ಕಲ್ಲಲ್ಲಿ ಕೊರೆಸಿಟ್ಟ ರಾಜರಿದ್ದಾರೆ. ಇವತ್ತಿಗೂ ಜನ ಅದನ್ನ ಓದಿ ಕೈ ಮುಗೀತಾರೆ" ಎಂದೆ.

"ಅವರ ತೋಟದ ಪಕ್ಕ ದಾಸಯ್ಯ ಇರ್ಲಿಲ್ಲ" ಎಂದ.

ಬೆಳಗೋಡಿನಲ್ಲಿ ಅವನು ಖಾಲಿ ಕೈಯಲ್ಲಿ ಇಳಿದು ಒಳಗೆ ಹೋದ. ಬ್ಯಾಗನ್ನು ಪುಷ್ಪಾ ತೆಗೆದುಕೊಂಡರು. ಮಾರನೆಯ ದಿನ ಡಿಕ್ಕಿ ತೆಗೆದ ವಾಣಿ, ಬೆರಳ ತುದಿಯಲ್ಲಿ ಏನನ್ನೋ ಎತ್ತಿ ಹಿಡಿದು, "ಇದ್ಯಾರದ್ರೀ ಮೀನಿನ ಚಡ್ಡಿ?" ಎಂದು ಕೂಗಿದಳು. ಜಾಡಿ ಒಡೆಯದಿರಲಿ ಎಂದು ಯೋಗಾನಂದ ಗೇಜನ್ನು ವಾಪಸು ಕೊಡಬೇಕಿದ್ದ ಶಾರ್ಕಿನಲ್ಲಿ ಸುತ್ತಿ ಡಿಕ್ಕಿಯ ಮೂಲೆಗೆ ಇಟ್ಟು, ಎರಡನ್ನೂ ಮರೆತು ಹೋಗಿದ್ದ. ತಲುಪಿಸೋಣವೆಂದು ಫೋನ್ ಮಾಡಿದೆ, ಎತ್ತಲಿಲ್ಲ. ಪುಷ್ಪಾ ಎತ್ತಿ, "ಯಾರ ಹತ್ರನೂ ಮಾತಾಡ್ತಿಲ್ಲ ನಟಣ್ಣ. ಬಳಗ ತೆಗೆದು ನೋಡ್ತಾರೆ, ಮುಚ್ಚಿಡ್ತಾರೆ. ದಾಸಯ್ಯಂಗೆ ಹೆದರಿ ಬಚ್ಚಲಿಗೂ ಸದ್ದಿಲ್ದಂಗೆ ಹೋಗ್ತಾರೆ" ಎಂದರು. ಗೇಜು ನನ್ನ ಡಿಕ್ಕಿಯಲ್ಲೇ ಉಳಿಯಿತು.

ಮುಂದಿನ ವಾರ ಒಂದು ಸಂಜೆ, ಯಾರ ಸ್ವಿಚ್ಚೂ ಇಲ್ಲದೆ, ಮಳೆ ಬಂತು. ಒಳ್ಳೆಯ ಮಳೆ.

ಬೆಳಿಗ್ಗೆ ಎದ್ದು ಅಂಗಳಕ್ಕೆ ಹೋದೆ. ಆನೆ ತುಳಿದ ತಟ್ಟೆಯನ್ನು ನೋಡಿದೆ. ಬಚ್ಚಲ ಹಿಂದಿನ ಬಕೆಟ್ಟನ್ನು ನೋಡಿದೆ, ಆಕಾಶ ನೋಡಿದೆ. ಒಟ್ಟಾರೆಯಾಗಿ ಎಪ್ಪತ್ತು ಎಂದು ತೀರ್ಮಾನಿಸಿದೆ. ಆಗ ನನಗೊಂದು ಅದ್ಭುತ ವಿಚಾರ ಹೊಳೆಯಿತು. ಯೋಗಾನಂದನ ಗೇಜು ನನ್ನ ಡಿಕ್ಕಿಯಲ್ಲಿದೆ! ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಹತ್ತಿರ ಅಂಕಿ ಇಲ್ಲ, ನನ್ನ ಹತ್ತಿರ ಇದೆ. ಐದು ಸೆಂಟಿನ ಚಕ್ರಾಧಿಪತ್ಯ ಇಂದಿಗೆ ಮುಗಿಯಿತು. ಗೆದ್ದವನ ಗತ್ತಿನಲ್ಲಿ ದೋಸೆಯ ಮುಂದೆ ಕೂತೆ. ಫೋನ್ ಬಂತು.

"ಲೇ ನಟ, ಎಷ್ಟು ಬಿತ್ತೋ?" ಅಷ್ಟು ದಿನದ ಮೇಲೆ ಕೇಳಿದ ದನಿ.

"ಎಪ್ಪತ್ತು."

"ನಮ್ಮಲ್ಲಿ ಎಪ್ಪತ್ತೈದು" ಎಂದ, ಉಸಿರು ಎಳೆದುಕೊಳ್ಳದೆ.

"ಯಾವುದರಲ್ಲಿ ಅಳೆದ್ಯಪ್ಪ?"

"ಇನ್ಯಾವುದ್ರಲ್ಲಿ? ಗೇಜಲ್ಲಿ."

"ನಿನ್ನ ಗೇಜು ಶಾರ್ಕ್ ಚಡ್ಡಿ ಹೊದ್ಕೊಂಡು ನನ್ನ ಡಿಕ್ಕೀಲಿ ಮಲಗಿದೆ ಕಣೋ!"

ನಾನು ದೋಸೆ ಮುರಿದೆ. ಇಂಥ ರುಚಿಯಾದ ದೋಸೆಯನ್ನು ವಾಣಿ ಅದಕ್ಕೆ ಮುಂಚೆ ಮಾಡಿರಲಿಲ್ಲ.

"ನೀನು ಯಾವುದ್ರಲ್ಲಿ ಅಳೆದೆ?" ಎಂದ.

"ನನ್ನ ಗೇಜಲ್ಲಿ."

"ಶಿವರಾತ್ರೀಲಿ ಆನೆ ತುಳಿದಿದ್ರಲ್ಲಾ? ಅದು ತಟ್ಟೆ ಆಗೈತಂತಲ್ಲ ಮಾರಾಯ. ಅವತ್ತೇ ವಾಣಕ್ಕ ಪುಷ್ಪಂಗೆ ಹೇಳ್ತು."

ನಾನು ವಾಣಿಯ ಕಡೆ ತಿರುಗಿದೆ. ಅವಳು ಕಾವಲಿಯ ಮೇಲೆ ಏನೂ ಇಲ್ಲದಿದ್ದರೂ ಬಹಳ ಶ್ರದ್ಧೆಯಿಂದ ಅದನ್ನು ತಿರುವಿಹಾಕುತ್ತಿದ್ದಳು. ಫೋನಿನಲ್ಲಿ ಯೋಗಾನಂದ ನಗತೊಡಗಿದ. ಕೆಮ್ಮು ಬರುವಷ್ಟು ನಕ್ಕ. ಹಿಂದೆ ಪುಷ್ಪಾ "ಏನ್ರೀ ಅದು, ನಂಗೂ ಹೇಳ್ರೀ" ಎನ್ನುವುದು ಕೇಳಿಸಿತು. "ಮೊದ್ಲು ಕಾಫಿ ತಗಂಬಾ, ಆಮೇಲ್ ಹೇಳ್ತೀನಿ" ಎಂದ. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದ:

"ಲೇ, ಬಳಗಕ್ಕೆ ಹಾಕ್ಲೇನೋ? ನಂಬ್ತಾರಾ?"

"ಹಾಕು" ಅಂದೆ.

ಫೋನ್ ಇಟ್ಟ. ಅವನ ದನಿ ಕೇಳಿದ್ದು ಅದೇ ಕೊನೆ. ಸ್ವಲ್ಪ ಹೊತ್ತಿಗೆ ಬಂತು: 'ಬೆಳಗೋಡು. ನಮ್ಮ ತೋಟ. ಆಕಾಶದಿಂದ. ೭೫ ಸೆಂಟ್.'

ನನ್ನ ದೋಸೆ ಆರುತ್ತಿತ್ತು. ಆಮೇಲೆ ದಾಸಯ್ಯನ ಹೆಸರು ಕಾಣಿಸಿತು. ಸ್ನಾನದ ಮಾತಿರಲಿಲ್ಲ, ನಗುವ ಮುಖವಿರಲಿಲ್ಲ. 'ನಿಮ್ಮದು ಎಷ್ಟು ಅಂತ ಕಾಯ್ತಾ ಇದ್ದೆ ಯೋಗಾನಂದಣ್ಣ. ನಮ್ಮಲ್ಲಿ ೮೦' ಎಂದಿತ್ತು.

ನಾನು ನೋಡುತ್ತಿದ್ದ ಹಾಗೆಯೇ, ಯೋಗಾನಂದನ ಸಾಲಿನಲ್ಲಿ ಎಪ್ಪತ್ತೈದು ಹೋಗಿ ಎಂಬತ್ತೈದು ಬಂತು.